ಪವಾಡ ಬೇಡ, ಕಸರತ್ತು ಸಾಕು

(ದೊಡ್ಡಪ್ಪ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಮಗಳು ಅವರ ತಮ್ಮನ ಮಗಳು; ಕಂಪನಿ ಕೆಲಸದ ಮೇಲೆ ಕೆಲವು ವರ್ಷ ಬೀಜಿಂಗಿನಲ್ಲಿದ್ದು ಬಂದವಳು.)

ದೊಡ್ಡಪ್ಪ: ನನ್ನ ಫೋನಿಗೆ ದಿನಕ್ಕೊಂದು ವಿಡಿಯೊ ಬರುತ್ತೆ ಕಣಮ್ಮ. ಬಿಳಿಗಡ್ಡದ ಚೀನೀ ಮುದುಕ ಕೈ ಎತ್ತಿ ಇಳಿಸ್ತಾನೆ. ಕೆಳಗೆ ಕನ್ನಡದಲ್ಲೇ ಬರೆದಿರ್ತಾರೆ: ಏಳು ದಿನ ಮಾಡಿ, ಮಂಡಿನೋವು ಮಾಯ, ಸಕ್ಕರೆ ಕಾಯಿಲೆ ಮಾಯ. ನೀನು ಅಲ್ಲೇ ಇದ್ದವಳು. ಏನಿದು?

ಮಗಳು: ಮುದುಕ ಮಾಡ್ತಿರೋದು ನಿಜವಾದ ಕಸರತ್ತೇ ದೊಡ್ಡಪ್ಪ. ಕೆಳಗೆ ಬರೆದಿರೋದು ಸುಳ್ಳು. ಎಂಟು ಭಾಗದ ಒಂದು ವ್ಯಾಯಾಮ ಇದೆ, ಬಾದುವಾನ್‌ಜಿನ್ ಅಂತಾರೆ. ಕೈ ಎತ್ತಿ ಇಳಿಸೋದು ಅದರ ಮೊದಲನೇದು. ನಿಧಾನದ ಚಲನೆ, ಉಸಿರು, ಗಮನ ಮೂರನ್ನೂ ಸೇರಿಸಿ ಮಾಡೋ ಇಂಥ ಅಭ್ಯಾಸಗಳಿಗೆಲ್ಲ ಒಟ್ಟಾಗಿ ಚೀಗೊಂಗ್ ಅಂತ ಹೆಸರು. ತಾಯ್ ಚಿ ಇದರ ನೆಂಟ. ಅದು ಗರಡಿಯಿಂದ ಬಂದದ್ದು. ಇದು ವೈದ್ಯರ ಮನೆಯಿಂದ, ಮಠಗಳಿಂದ.

ದೊಡ್ಡಪ್ಪ: ನೀನೂ ಮಾಡ್ತಿದ್ದೆಯಾ?

ಮಗಳು: ಕಲಿತೆ. ಬೀಜಿಂಗಿನಲ್ಲಿ ತಿಯೆನ್‌ತಾನ್ ಅಂತ ದೊಡ್ಡ ಉದ್ಯಾನ ಇದೆ. ಒಳ್ಳೆ ಬೆಳೆ ಬರಲಿ ಅಂತ ಚಕ್ರವರ್ತಿಗಳು ಪ್ರಾರ್ಥನೆ ಮಾಡ್ತಿದ್ದ ಗುಡಿ ಅಲ್ಲಿದೆ, ಮೊದಲು 1420ರಲ್ಲಿ ಕಟ್ಟಿದ್ದು. ಪ್ರವಾಸಿಗರು ಬರೋದಕ್ಕೆ ಮೊದಲು, ಬೆಳಗಿನ ಜಾವ ಅದು ಊರಿನ ಮುದುಕರದು. ಹಳೇ ಸೈಪ್ರೆಸ್ ಮರಗಳ ಕೊಂಬೆಗೆ ಕೋಟು, ಚೀಲ, ಚಹಾದ ಫ್ಲಾಸ್ಕು ನೇತುಹಾಕಿರ್ತಾರೆ. ಒಬ್ಬ ಮರದ ಕಾಂಡಕ್ಕೆ ಬೆನ್ನು ಬಡೀತಾ ಇರ್ತಾನೆ. ಇನ್ನೊಬ್ಬ ಹಿಂದಕ್ಕೆ ಹಿಂದಕ್ಕೆ ನಡೀತಾನೆ. ಮತ್ತೊಬ್ಬ ಕೋಲಿನಷ್ಟು ಉದ್ದದ ಕುಂಚವನ್ನ ನೀರಿಗದ್ದಿ ಕಲ್ಲುಹಾಸಿನ ಮೇಲೆ ಅಕ್ಷರ ಬರೀತಾನೆ. ಕೊನೇ ಸಾಲು ಮುಗಿಯೋ ಹೊತ್ತಿಗೆ ಮೊದಲ ಸಾಲು ಒಣಗಿರುತ್ತೆ. ಇವರ ಮಧ್ಯೆ ಹತ್ತಿಪ್ಪತ್ತು ಜನ ಸಾಲಾಗಿ ನಿಂತು, ಒಂದು ಪುಟ್ಟ ಸ್ಪೀಕರಿನ ಸಂಗೀತಕ್ಕೆ ಬಾದುವಾನ್‌ಜಿನ್ ಮಾಡ್ತಾರೆ. ಫೀಸಿಲ್ಲ, ಹಾಜರಿ ಇಲ್ಲ. ಹಿಂದೆ ಹೋಗಿ ನಿಂತೆ, ಯಾರೂ ಯಾರು ನೀನು ಅಂತ ಕೇಳಲಿಲ್ಲ.

ದೊಡ್ಡಪ್ಪ: ಮತ್ತೆ ಕಲಿಸಿದ್ದು ಯಾರು?

ಮಗಳು: ಗಿರಣಿ ಕೆಲಸದಿಂದ ನಿವೃತ್ತಳಾಗಿದ್ದ ಒಬ್ಬಳು ಅಜ್ಜಿ. ಕಲಿಸಿದ್ದು ಅನ್ನೋದಕ್ಕಿಂತ ತಿದ್ದಿದ್ದು. ನನ್ನ ಭುಜ ಕಿವಿ ಹತ್ತಿರ ಏರಿದರೆ ಎರಡೂ ಕೈ ಇಟ್ಟು ಒತ್ತಿ ಇಳಿಸೋಳು. ಮಂಡಿ ಬೆರಳುಗಳಿಗಿಂತ ಮುಂದೆ ಹೋದರೆ ಸುತ್ತಿದ ಪೇಪರಿನಿಂದ ತಟ್ಟೋಳು. ಉಸಿರಿನ ಬಗ್ಗೆ ಕೇಳಿದರೆ, ‘ಆಮೇಲೆ, ಆಮೇಲೆ’ ಅಂತ ಕೈ ಬೀಸೋಳು.

ದೊಡ್ಡಪ್ಪ: ಉಸಿರಾಟದ ಕಸರತ್ತಿಗೆ ಉಸಿರೇ ಆಮೇಲಾ?

ಮಗಳು: ಹೊಸಬರು ಮಾಮೂಲಾಗಿ ಉಸಿರಾಡಿ ಅಂತಲೇ ಅಲ್ಲಿನ ಸರ್ಕಾರಿ ಕೈಪಿಡಿಯೂ ಹೇಳುತ್ತೆ. ಮೈ ಸಡಿಲಾಗಿ ಚಲನೆ ರೂಢಿಯಾದ ಮೇಲೆ ಉಸಿರು ತಾನಾಗಿ ಅದರ ಜತೆ ಸೇರಿಕೊಳ್ಳುತ್ತೆ. ಮೊದಲನೇ ಭಾಗ ನೋಡಿ. ಪಾದಗಳ ನಡುವೆ ಭುಜದಷ್ಟು ಅಂತರ, ಮಂಡಿ ಕೊಂಚ ಸಡಿಲ. ಹೊಟ್ಟೆ ಮುಂದೆ ಬೆರಳು ಹೆಣೆದು, ಅಂಗೈ ಮೇಲೆ ಮಾಡಿ, ಎದೆವರೆಗೆ ಎತ್ತೋದು. ಅಲ್ಲಿ ಅಂಗೈ ತಿರುಗಿಸಿ, ಸೂರನ್ನೇ ಎತ್ತಿ ಹಿಡಿದ ಹಾಗೆ ಮೇಲಕ್ಕೆ ತಳ್ಳೋದು. ಒಂದು ಕ್ಷಣ ನಿಂತು, ಕೈ ಬಿಡಿಸಿ ಎರಡೂ ಪಕ್ಕದಿಂದ ಇಳಿಸ್ತಾ ಮಂಡಿ ಬಗ್ಗಿಸೋದು. ಹೀಗೆ ಆರು ಸಲ. ಕೈ ಮೇಲೆ ಹೋದಾಗ ಪಕ್ಕೆಲುಬು ತೆರೆದುಕೊಳ್ಳುತ್ತೆ, ಗಾಳಿ ಒಳಗೆ ಬರುತ್ತೆ. ಇಳಿಸಿದಾಗ ಹೊರಗೆ ಹೋಗುತ್ತೆ. ಅದನ್ನ ಯಾರೂ ಹೇಳಿಕೊಡಬೇಕಾಗಿಲ್ಲ.

ದೊಡ್ಡಪ್ಪ: ಮಿಕ್ಕ ಏಳು?

ಮಗಳು: ಬಿಲ್ಲು ಎಳೆಯೋದು ಎರಡನೇದು. ಒಂದು ಕೈ ಮೇಲೆ ಒತ್ತಿ ಇನ್ನೊಂದನ್ನ ಕೆಳಗೆ ಒತ್ತೋದು, ಕತ್ತು ತಿರುಗಿಸಿ ಹಿಂದೆ ನೋಡೋದು, ಕುದುರೆ ಮೇಲೆ ಕೂತವರ ಹಾಗೆ ಕಾಲಗಲಿಸಿ ತಲೆ ಸೊಂಟ ಆಡಿಸೋದು, ಬಗ್ಗಿ ಕೈಯನ್ನ ಕಾಲಗುಂಟ ಪಾದದವರೆಗೆ ಒಯ್ಯೋದು, ಕಣ್ಣರಳಿಸಿ ಮುಷ್ಟಿ ಚಾಚೋದು. ಕಡೇದು ಹಿಮ್ಮಡಿ ಎತ್ತಿ ಧೊಪ್ಪನೆ ಬಿಡೋದು, ಏಳು ಸಲ. ಹೆಚ್ಚಿನವುಗಳ ಹೆಸರಿನಲ್ಲಿ ಒಂದು ವೈದ್ಯಕೀಯ ಭರವಸೆ ಸೇರಿಸಿದ್ದಾರೆ. ಇದು ಜೀರ್ಣಕ್ಕೆ, ಇದು ಮೂತ್ರಪಿಂಡಕ್ಕೆ, ಇದು ಎದೆಯ ಉರಿಗೆ. ಹಿಮ್ಮಡಿ ಕುಟ್ಟೋದು ನೂರು ರೋಗಕ್ಕೆ.

ದೊಡ್ಡಪ್ಪ: ನೂರು ರೋಗಕ್ಕೂ ಹಿಮ್ಮಡಿ ಕುಟ್ಟೋದೇ ಮದ್ದು! ಹಾಗಾದರೆ ವಿಡಿಯೊದವನದೇನು ತಪ್ಪು? ಸುಳ್ಳು ಮೊದಲಿಂದಲೇ ಇದೆಯಲ್ಲ.

ಮಗಳು: ಹಳಬರ ಆ ಮಾತನ್ನ ಅಷ್ಟು ಅಕ್ಷರಶಃ ಹಿಡೀಬೇಡಿ. ನಮ್ಮ ಹಳೇ ಪುಸ್ತಕಗಳಲ್ಲೂ ಒಂದೊಂದು ಆಸನಕ್ಕೆ ಹತ್ತು ರೋಗ ಓಡಿಸೋ ಶಕ್ತಿ ಬರೆದಿರ್ತಾರೆ. ಬಾದುವಾನ್‌ಜಿನ್ ಹೆಸರು ಸೋಂಗ್ ಕಾಲದಲ್ಲೇ, ಅಂದರೆ ಎಂಟುನೂರು ವರ್ಷದ ಹಿಂದೆಯೇ ಸಿಗುತ್ತೆ. ಅದಕ್ಕೂ ಬಹಳ ಹಿಂದಿನದು ಬೇಕಾದರೆ ಹುನಾನ್ ಪ್ರಾಂತದ ಚಾಂಗ್‌ಶಾಗೆ ಹೋಗಬೇಕು. ಅಲ್ಲಿ ಮಾವಾಂಗ್‌ದುಯಿ ಅನ್ನೋ ಕಡೆ 1973ರಲ್ಲಿ ಮೂರನೇ ಸಮಾಧಿ ಅಗೆದಾಗ ರೇಷ್ಮೆ ಮೇಲೆ ಬರೆದ ಒಂದು ಚಿತ್ರ ಸಿಕ್ಕಿತು. ಕ್ರಿಸ್ತಪೂರ್ವ 168ರಲ್ಲಿ ಮುಚ್ಚಿದ ಸಮಾಧಿ ಅದು. ಚಿತ್ರದಲ್ಲಿ 44 ಜನ ಕಸರತ್ತು ಮಾಡ್ತಿದ್ದಾರೆ. ಗಂಡಸರಿದ್ದಾರೆ, ಹೆಂಗಸರಿದ್ದಾರೆ, ಮುದುಕರೂ ಇದ್ದಾರೆ. ಕರಡಿಯ ಹಾಗೆ, ಹಕ್ಕಿಯ ಹಾಗೆ. ಕೆಲವರ ಪಕ್ಕದಲ್ಲಿ ಯಾವ ಬಾಧೆಗೆ ಅನ್ನೋದನ್ನೂ ಬರೆದಿದೆ. ಒಂದು ಕಿವುಡಿಗೆ. ಇನ್ನೊಂದು, ಕೇಳಿ, ಮಂಡಿನೋವಿಗೆ.

ದೊಡ್ಡಪ್ಪ: ಎರಡು ಸಾವಿರ ವರ್ಷದಿಂದ ಮಂಡಿನೋವು ಹೋಗಿಲ್ಲ ಅಂತಾಯ್ತು. ಇರಲಿ. ಇದೆಲ್ಲ ಇಲ್ಲಿಂದಲೇ ಅಲ್ಲಿಗೆ ಹೋದದ್ದು ಅಂತಾರಲ್ಲ? ಬೋಧಿಧರ್ಮ ದಕ್ಷಿಣ ಭಾರತದ ರಾಜಕುಮಾರ, ಶಾವೋಲಿನ್ ಮಠದಲ್ಲಿ ಭಿಕ್ಷುಗಳಿಗೆ ವ್ಯಾಯಾಮ ಕಲಿಸಿದ ಅಂತ ನಮ್ಮ ವಾಕಿಂಗ್ ಗುಂಪಿನಲ್ಲಿ ಒಬ್ಬರು ದಿನಾ ಹೇಳ್ತಾರೆ.

ಮಗಳು: ಅವರಿಗೆ ಬೇಜಾರಾಗುತ್ತೆ. ಬೋಧಿಧರ್ಮ ಬದುಕಿದ್ದು ಐದಾರನೇ ಶತಮಾನದಲ್ಲಿ. ಅವನು ಬರೆದ ಅಂತ ಹೇಳೋ ‘ಯೀಜಿನ್‌ಜಿಂಗ್’ ಅನ್ನೋ ಕಸರತ್ತಿನ ಪುಸ್ತಕ ತಯಾರಾದದ್ದು 1624ರ ಸುಮಾರಿಗೆ. ಅದಕ್ಕೊಂದು ಮುನ್ನುಡಿ ಇದೆ, 628ರಲ್ಲಿ ದೊಡ್ಡ ದಂಡನಾಯಕನೊಬ್ಬ ಬರೆದದ್ದು ಅಂತ. ಆ ಮುನ್ನುಡಿಯಲ್ಲಿ ಪುಸ್ತಕ ಕೈಯಿಂದ ಕೈಗೆ ಬಂದ ಕಥೆ ಹೇಳ್ತಾ, ಒಂದು ಹಳೇ ಕಾಲ್ಪನಿಕ ಕಥೆಯ ಪಾತ್ರವನ್ನೂ ನಿಜವಾದ ಮನುಷ್ಯನ ಹಾಗೆ ಸೇರಿಸಿಬಿಟ್ಟಿದ್ದಾರೆ. ಅಲ್ಲೇ ಸಿಕ್ಕಿಬಿದ್ದರು.

ದೊಡ್ಡಪ್ಪ: ಹಾಗಾದರೆ ನಮಗೂ ಅದಕ್ಕೂ ಸಂಬಂಧವೇ ಇಲ್ಲ ಅನ್ನು.

ಮಗಳು: ಹಾಗೂ ಅನ್ನೋಕಾಗಲ್ಲ. ಏಳನೇ ಶತಮಾನದಲ್ಲಿ ಸುನ್ ಸಿಮಿಯಾವೊ ಅನ್ನೋ ದೊಡ್ಡ ವೈದ್ಯ ಇದ್ದ. ಅವನ ವೈದ್ಯಗ್ರಂಥದಲ್ಲಿ ಹದಿನೆಂಟು ಚಲನೆಗಳ ಒಂದು ಅಭ್ಯಾಸ ಬರುತ್ತೆ. ಅದನ್ನ ಅವನು ಭಾರತದ್ದು, ಬ್ರಾಹ್ಮಣರ ಪದ್ಧತಿ ಅಂತಲೇ ಕರೆದಿದ್ದಾನೆ. ನಿಜವಾಗಿ ಎಷ್ಟು ಇಲ್ಲಿಂದ ಹೋಗಿತ್ತೋ, ಎಷ್ಟಕ್ಕೆ ಪರದೇಶದ ಹೆಸರಿನ ಗೌರವ ಬೇಕಿತ್ತೋ. ಈಗಿನ ಕಾಲದ ಖಚಿತವಾದ ಸಂಬಂಧ ಬೇಕು ಅಂದರೆ ನಮ್ಮ ಕೋಲಾರ ಜಿಲ್ಲೆ ಬೆಳ್ಳೂರಿನಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಇದ್ದಾರಲ್ಲ. 2011ರಲ್ಲಿ, 92ರ ವಯಸ್ಸಿನಲ್ಲಿ, ಗ್ವಾಂಗ್‌ಜೌಗೆ ಹೋಗಿ ಚೀನೀಯರಿಗೆ ಯೋಗ ಪಾಠ ಮಾಡಿ ಬಂದರು. ಯೋಗ ಅಲ್ಲಿನ ಶಹರಗಳಲ್ಲಿ ಕನ್ನಡಿ ಹಾಕಿದ ಎ.ಸಿ. ಹಾಲಿನ ವಿದ್ಯೆ. ಉದ್ಯಾನದ ಮುದುಕರು ಅದರ ತಂಟೆಗೆ ಹೋಗಲ್ಲ.

ದೊಡ್ಡಪ್ಪ: ಇಲ್ಲಿನ ಹುಡುಗರು ತಾಯ್ ಚಿ ಕ್ಲಾಸಿಗೆ ದುಡ್ಡು ಕೊಡ್ತಾರೆ, ಅಲ್ಲಿನವರು ಯೋಗಕ್ಕೆ. ಸರಿಹೋಯ್ತು.

ಮಗಳು: ಆದರೆ ಒಂದು ವಿಷಯ ಗೊತ್ತಿರಬೇಕು ದೊಡ್ಡಪ್ಪ. ಕಸರತ್ತುಗಳು ಹಳೇವು, ನಿಜ. ಚೀಗೊಂಗ್ ಅಂತ ಎಲ್ಲವನ್ನೂ ಒಂದೇ ಕೊಡೆಯ ಕೆಳಗೆ ತಂದು ಚಿಕಿತ್ಸೆ ಅಂತ ಮಾಡಿದ್ದು ಕಮ್ಯುನಿಸ್ಟ್ ಪಕ್ಷದವರು, 1949ರಲ್ಲಿ. ಲಿಯು ಗ್ವೇಜೆನ್ ಅಂತ ಹೆಬೇ ಪ್ರಾಂತದ ಒಬ್ಬ ಕಾರ್ಯಕರ್ತ. ಹೊಟ್ಟೆ ಹುಣ್ಣು, ನಿದ್ದೆ ಇಲ್ಲ, ಕೆಲಸ ಮಾಡೋಕಾಗದೆ ಊರಿಗೆ ವಾಪಸ್ ಬಂದ. ಅಲ್ಲಿ ನೆಂಟರಲ್ಲೇ ಒಬ್ಬ ಹಿರಿಯ ಅವನಿಗೆ ಹಳೇ ಉಸಿರಾಟದ ಅಭ್ಯಾಸ ಹೇಳಿಕೊಟ್ಟ. ನೂರಕ್ಕೂ ಹೆಚ್ಚು ದಿನ ಮಾಡಿ ಗುಣವಾದ. ಉಸಿರು ಒಳಗೆ ತಗೊಳ್ತಾ ಮನಸ್ಸಿನಲ್ಲೇ ಒಂದು ಮಾತು, ನಿಲ್ಲಿಸಿದಾಗ ಒಂದು, ಬಿಡೋವಾಗ ಒಂದು. ನಿಲ್ಲಿಸಿದಾಗ ನಾಲಿಗೆ ತುದಿ ಮೇಲಿನ ಅಂಗುಳಕ್ಕೆ, ಬಿಡೋವಾಗ ಕೆಳಗೆ.

ದೊಡ್ಡಪ್ಪ: ಮಂತ್ರ ಅನ್ನು.

ಮಗಳು: ಪಕ್ಷದವರು ಮಂತ್ರ ಅಂತಾರೆಯೇ? ‘ನಾನು ಶಾಂತ’, ‘ಸುಮ್ಮನೆ ಕೂತರೆ ಒಳ್ಳೇದು’ ಅನ್ನೋ ಥರದ ಮಾತುಗಳನ್ನ ಹಾಕಿದರು. ದೇವರು, ಗುರು, ಧೂಪ ಎಲ್ಲ ಹೊರಗೆ. ತಾಂಗ್‌ಶಾನಿನಲ್ಲಿ ಆಸ್ಪತ್ರೆ ಥರದ ಆಶ್ರಯಧಾಮ ತೆಗೆದರು. 1956ರಲ್ಲಿ ಬೇದಾಯ್‌ಹ ಕಡಲ ತೀರದಲ್ಲಿ ಇನ್ನೊಂದು. ಅಲ್ಲಿಗೆ ಪಕ್ಷದ ದೊಡ್ಡ ದೊಡ್ಡ ನಾಯಕರೇ ಬಂದು ಕೂತು ಉಸಿರೆಳೆದರು. 1957ರಲ್ಲಿ ಲಿಯುವಿನ ಪುಸ್ತಕ ಬಂತು. ಯಾಕೆ ಇಷ್ಟು ಉತ್ಸಾಹ ಅಂದರೆ, ಅಷ್ಟು ಜನಕ್ಕೆ ಡಾಕ್ಟರಿಲ್ಲ, ಔಷಧಿ ಇಲ್ಲ. ಇದಕ್ಕೆ ಖರ್ಚಿಲ್ಲ. ಸರ್ಕಾರಕ್ಕೆ ಅಗ್ಗದ ವೈದ್ಯ ಯಾವತ್ತೂ ಇಷ್ಟವೇ.

ದೊಡ್ಡಪ್ಪ: ಅದು ಯಾವ ದೇಶದಲ್ಲಿ ಇಲ್ಲ! ಆಮೇಲೆ?

ಮಗಳು: ಆಮೇಲೆ ಸಾಂಸ್ಕೃತಿಕ ಕ್ರಾಂತಿ. ಚೀಗೊಂಗ್ ಮೂಢನಂಬಿಕೆ, ಹಳೇ ಕೊಳೆ ಅಂತಾಯ್ತು. ಲಿಯುವನ್ನ ಕೆಲಸದಿಂದ ತೆಗೆದು ದುಡಿಮೆಗೆ ಕಳಿಸಿದರು. ಧಾಮಗಳು ಮುಚ್ಚಿದವು. ಆಗ ಅದನ್ನ ಉಳಿಸಿದ್ದು ಒಬ್ಬಳು ಹೆಂಗಸು, ಗುವೋ ಲಿನ್. ಬೀಜಿಂಗಿನ ಚಿತ್ರಕಲಾವಿದೆ. ಗರ್ಭಕೋಶದ ಕ್ಯಾನ್ಸರಾಗಿ ಮತ್ತೆ ಮತ್ತೆ ಆಪರೇಷನ್ ಆಗಿತ್ತು. ಅಜ್ಜನಿಂದ ಚಿಕ್ಕಂದಿನಲ್ಲಿ ಕಲಿತದ್ದನ್ನ ನೆನಪು ಮಾಡಿಕೊಂಡು ನಡಿಗೆಯ ಒಂದು ಅಭ್ಯಾಸ ಕಟ್ಟಿದಳು. ಹಿಮ್ಮಡಿ ಊರಿ ಒಂದೊಂದೇ ಹೆಜ್ಜೆ, ಕೈ ಹೊಟ್ಟೆ ಮುಂದೆ ಎಡಕ್ಕೆ ಬಲಕ್ಕೆ ಬೀಸ್ತಾ, ಮೂಗಿನಿಂದ ಎರಡು ಚಿಕ್ಕ ಉಸಿರು ಒಳಕ್ಕೆ, ಒಂದು ಹೊರಕ್ಕೆ. ಸುಯ್ ಸುಯ್ ಹೂ, ಸುಯ್ ಸುಯ್ ಹೂ. 1970ರ ದಶಕದ ಮೊದಲಿಗೆ ಉದ್ಯಾನದಲ್ಲಿ ಕಲಿಸೋಕೆ ಶುರು ಮಾಡಿದಳು. ಪೊಲೀಸರು ಹಿಡಿದು ಕಳಿಸೋರು, ಮತ್ತೆ ಬರೋಳು. ಕಲಿಯೋಕೆ ಬರೋರಲ್ಲಿ ಹೆಚ್ಚಿನವರು ಕ್ಯಾನ್ಸರ್ ರೋಗಿಗಳು.

ದೊಡ್ಡಪ್ಪ: ಗುಣವಾಯ್ತಾ ಅವರಿಗೆ? ಅದು ಹೇಳು.

ಮಗಳು: ಕ್ಯಾನ್ಸರ್ ಗುಣ ಮಾಡುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಅವಳಿಗೂ ಶಸ್ತ್ರಚಿಕಿತ್ಸೆ ಆಗಿತ್ತು ಅನ್ನೋದನ್ನ ಅವಳ ಭಕ್ತರು ಬೇಗ ಮರೀತಾರೆ. ಆದರೂ ನನಗೆ ಅವಳ ಮೇಲೆ ಗೌರವ ಇದೆ. ಆ ಕಾಲದಲ್ಲಿ ಕ್ಯಾನ್ಸರ್ ಅಂದರೆ ಬಾಗಿಲು ಹಾಕಿಕೊಂಡು ಮಲಗೋದು. ಆಕೆ ಅವರನ್ನೆಲ್ಲ ಬೆಳಗ್ಗೆ ಎಬ್ಬಿಸಿ, ಮರದ ಕೆಳಗೆ, ತಮ್ಮಂಥವರೇ ಇರೋ ಗುಂಪಿಗೆ ತಂದಳು. ಆಸ್ಪತ್ರೆಯಲ್ಲಿ ಸಿಗದ ಧೈರ್ಯ ಅಲ್ಲಿ ಸಿಕ್ತಿತ್ತು. ಈಗ ನೀವು ನೋಡೋ ಉದ್ಯಾನದ ಗುಂಪುಗಳಿಗೆ ದಾರಿ ಮಾಡಿದವಳು ಅವಳೇ.

ದೊಡ್ಡಪ್ಪ: ಸರಿ, ಇಲ್ಲಿಯವರೆಗೆ ಮರ್ಯಾದೆಯಾಗಿದೆ. ಎಲ್ಲಿ ಕೆಟ್ಟಿತು?

ಮಗಳು: 1979ರ ಹೊತ್ತಿಗೆ. ಗುರುವಿನ ಕೈಯಿಂದ ‘ಚೀ’, ಅಂದರೆ ಪ್ರಾಣಶಕ್ತಿ, ಹೊರಗೆ ಹರಿಯುತ್ತೆ, ಯಂತ್ರದಲ್ಲಿ ಅಳೆದಿದ್ದೀವಿ ಅಂತ ಕೆಲವರು ಹೇಳಿದರು. ಅಲ್ಲಿವರೆಗೆ ರೋಗಿ ತಾನೇ ಬೆವರು ಸುರಿಸಿ ಮಾಡಬೇಕಿತ್ತು. ಈಗ ಗುರು ದೂರದಿಂದಲೇ ಕೈ ಚಾಚಿದರೆ ಸಾಕು. ನೋಡಿ, ಇದೊಂದು ತಿರುವಿನಿಂದ ಎಲ್ಲ ಬದಲಾಯ್ತು. ಕಸರತ್ತು ಹೋಗಿ ದರ್ಶನ ಬಂತು.

ದೊಡ್ಡಪ್ಪ: ವಿಜ್ಞಾನಿಗಳು ಏನು ಮಾಡ್ತಿದ್ದರು?

ಮಗಳು: ಚಪ್ಪಾಳೆ ತಟ್ಟಿದರು, ಕೆಲವರು. ಚೀನಾದ ಕ್ಷಿಪಣಿ ಕಾರ್ಯಕ್ರಮದ ಪಿತಾಮಹ ಛಿಯೆನ್ ಶ್ವೇಸೆನ್ ಅಂಥ ಮಹಾ ವಿಜ್ಞಾನಿಯೇ, ಇದರಿಂದ ಮನುಷ್ಯದೇಹದ ಹೊಸ ವಿಜ್ಞಾನ ಹುಟ್ಟುತ್ತೆ ಅಂತ ಬೆನ್ನಿಗೆ ನಿಂತರು. ಯಾನ್ ಶಿನ್ ಅನ್ನೋ ಗುರು ಕ್ರೀಡಾಂಗಣಗಳಲ್ಲಿ ಗಂಟೆಗಟ್ಟಲೆ ಭಾಷಣ ಮಾಡೋನು. ಸಾವಿರಾರು ಜನ ಕೂತಲ್ಲೇ ಅಳೋರು, ನಗೋರು, ಹೊರಳಾಡೋರು. 1987ರಲ್ಲಿ ಈಶಾನ್ಯದ ದಾಶಿಂಗಾನ್‌ಲಿಂಗ್ ಕಾಡು ಹತ್ತಿ ಉರೀತು. ಅದನ್ನ ಆರಿಸಿದ್ದರಲ್ಲಿ ಅವನ ಚೀ ಪಾಲೂ ಇತ್ತು ಅಂತ ಪ್ರಚಾರವಾಯ್ತು. ಎರಡು ಸಾವಿರ ಕಿಲೋಮೀಟರ್ ದೂರದಿಂದ ನೀರಿನ ಅಣುಗಳನ್ನೇ ಬದಲಿಸಿದ ಅಂತ ಪ್ರಯೋಗದ ವರದಿ ಬಂತು. ಕೋಟಿಗಟ್ಟಲೆ ಜನ ಒಂದಲ್ಲ ಒಂದು ಗುರುವಿನ ಹಿಂದೆ ಬಿದ್ದರು. ಚೀಗೊಂಗ್ ಜ್ವರ ಅಂತಲೇ ಅದಕ್ಕೆ ಹೆಸರು.

ದೊಡ್ಡಪ್ಪ: ನಮ್ಮಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನ ಪರೀಕ್ಷೆ ಮಾಡೋದಕ್ಕೆ ಒಂದು ಸಮಿತಿಯನ್ನೇ ಮಾಡಿದ್ದರು. ಪವಾಡಪುರುಷರು ಹತ್ತಿರ ಬರಲಿಲ್ಲ, ಅದು ಬೇರೆ ಮಾತು. ಅಲ್ಲಿ ಅಂಥವರು ಯಾರೂ ಇರಲಿಲ್ಲವಾ?

ಮಗಳು: ಇದ್ದರು. 1988ರಲ್ಲಿ ಬೀಜಿಂಗಿನ ವಿಜ್ಞಾನ ಪತ್ರಿಕೆಯೊಂದರ ಕರೆಗೆ ಅಮೆರಿಕದಿಂದ ಪಾಲ್ ಕರ್ಟ್ಸ್, ಜಾದೂಗಾರ ಜೇಮ್ಸ್ ರ‍್ಯಾಂಡಿ ಮೊದಲಾದವರು ಬಂದು ಪರೀಕ್ಷೆ ಮಾಡಿದರು. ಒಬ್ಬ ಗುರು ರೋಗಿಯ ಮೇಲೆ ಚೀ ಬಿಟ್ಟರೆ ರೋಗಿ ಮೈ ತಿರುಚಿ ಒದ್ದಾಡ್ತಾಳೆ ಅಂತ ಹೇಳಿಕೆ. ಇವರು ಗುರುವನ್ನ ಒಂದು ಕೋಣೆಯಲ್ಲಿ, ರೋಗಿಯನ್ನ ಇನ್ನೊಂದರಲ್ಲಿ ಇಟ್ಟರು. ಗುರು ಯಾವಾಗ ಚೀ ಬಿಡಬೇಕು, ಯಾವಾಗ ಸುಮ್ಮನಿರಬೇಕು ಅನ್ನೋದು ರೋಗಿಗೆ ಗೊತ್ತಾಗದ ಹಾಗೆ ನೋಡಿಕೊಂಡರು. ಗುರು ಸುಮ್ಮನಿದ್ದಾಗಲೂ ಆಕೆ ಒದ್ದಾಡಿದಳು. ಇಬ್ಬರಿಗೂ ತಾಳಮೇಳವೇ ಇರಲಿಲ್ಲ.

ದೊಡ್ಡಪ್ಪ: ಒಂದು ಗೋಡೆ ಸಾಕಾಯ್ತು!

ಮಗಳು: ಜನರ ನಂಬಿಕೆಗೆ ಅದು ಸಾಕಾಗಲಿಲ್ಲ. 1992ರಲ್ಲಿ ಲಿ ಹೋಂಗ್‌ಜಿ ಅನ್ನೋನು ಚಾಂಗ್‌ಚುನ್ ನಗರದಲ್ಲಿ ಫಾಲುನ್ ಗೋಂಗ್ ಶುರು ಮಾಡಿದ. ಐದು ಸರಳ ಅಭ್ಯಾಸ, ಜತೆಗೆ ನೀತಿ, ಮುಕ್ತಿ. ದೊಡ್ಡ ಜನಸಾಗರವೇ ಸೇರಿತು. 1999ರ ಏಪ್ರಿಲಿನಲ್ಲಿ ಹ ಜ್ವೋಶಿಯು ಅನ್ನೋ ಭೌತವಿಜ್ಞಾನಿ ತಿಯೆನ್‌ಜಿನ್‌ನ ಒಂದು ಪತ್ರಿಕೆಯಲ್ಲಿ ಇದನ್ನ ಟೀಕಿಸಿ ಬರೆದ. ಅಲ್ಲಿ ಪ್ರತಿಭಟನೆ, ಬಂಧನ. ಏಪ್ರಿಲ್ 25ರಂದು ಹತ್ತು ಸಾವಿರಕ್ಕೂ ಹೆಚ್ಚು ಜನ ಬೀಜಿಂಗಿನಲ್ಲಿ ನಾಯಕರ ವಸತಿಯಾದ ಜೋಂಗ್‌ನಾನ್‌ಹಾಯ್ ಸುತ್ತ ಬಂದು, ಘೋಷಣೆ ಕೂಗದೆ ಸುಮ್ಮನೆ ನಿಂತರು. ಸರ್ಕಾರ ಬೆಚ್ಚಿತು. ಜುಲೈನಲ್ಲಿ ನಿಷೇಧ. ಆಮೇಲೆ ನಡೆದ ದಬ್ಬಾಳಿಕೆ ಘೋರ. ಜೈಲು, ಶಿಬಿರ, ಸಾವು. ಗುರುಗಳ ಬೊಗಳೆಯನ್ನ ನಾನು ಒಪ್ಪಲ್ಲ. ಉದ್ಯಾನದಲ್ಲಿ ಕಣ್ಮುಚ್ಚಿ ನಿಂತವರನ್ನ ಹಿಡಿದು ಜೈಲಿಗೆ ಹಾಕೋದನ್ನೂ ಒಪ್ಪಲ್ಲ.

ದೊಡ್ಡಪ್ಪ: ಅಷ್ಟೆಲ್ಲ ಆದ ಮೇಲೂ ನಿನ್ನ ಗಿರಣಿ ಅಜ್ಜಿ ಹೇಗೆ ರಾಜಾರೋಷವಾಗಿ ಮಾಡ್ತಿದ್ದಳು?

ಮಗಳು: ಸರ್ಕಾರವೇ ಅದನ್ನ ತೊಳೆದು ಇಸ್ತ್ರಿ ಮಾಡಿ ವಾಪಸ್ ಕೊಟ್ಟಿತ್ತು. ಚೀಗೊಂಗನ್ನ ಕ್ರೀಡಾ ಇಲಾಖೆಯ ಕೆಳಗೆ ತಂದು, 2003ರಲ್ಲಿ ನಾಲ್ಕು ಪದ್ಧತಿಗಳನ್ನ ಪ್ರಮಾಣೀಕರಿಸಿ ಬಿಟ್ಟರು. ಬಾದುವಾನ್‌ಜಿನ್, ಅದೇ ಯೀಜಿನ್‌ಜಿಂಗ್, ಹುಲಿ, ಜಿಂಕೆ, ಕರಡಿ, ಕೋತಿ, ಹಕ್ಕಿ ಅಂತ ಐದು ಪ್ರಾಣಿಗಳ ಆಟ, ಮತ್ತೆ ಆರು ಶಬ್ದಗಳನ್ನ ಉಸುರುತ್ತಾ ಉಸಿರು ಬಿಡೋ ಅಭ್ಯಾಸ. ಪ್ರಾಣಿಗಳ ಆಟ ಹುವಾ ತುವೋ ಅನ್ನೋ ಎರಡನೇ ಶತಮಾನದ ವೈದ್ಯನದು ಅಂತ ಹಳೇ ಇತಿಹಾಸಗ್ರಂಥವೇ ಹೇಳುತ್ತೆ. ಅದನ್ನ ಮಾಡಿ ಅವನ ಶಿಷ್ಯ ತೊಂಬತ್ತು ದಾಟಿದರೂ ಹಲ್ಲು ಗಟ್ಟಿಯಾಗಿಟ್ಟುಕೊಂಡಿದ್ದನಂತೆ. ಗುರುವನ್ನ ಮಾತ್ರ ದೊರೆ ಕೊಲ್ಲಿಸಿದ. 2020ರಲ್ಲಿ ಕೊರೊನಾ ಬಂದಾಗ ವುಹಾನಿನ ತಾತ್ಕಾಲಿಕ ಆಸ್ಪತ್ರೆಯಲ್ಲಿ ರೋಗಿಗಳು ಮಂಚದ ಪಕ್ಕದಲ್ಲೇ ನಿಂತು ಬಾದುವಾನ್‌ಜಿನ್ ಮಾಡಿದ್ದನ್ನ ಟಿ.ವಿ.ಯಲ್ಲಿ ತೋರಿಸಿದರು. ಈಗ ಅಲ್ಲಿನ ಹುಡುಗ ಹುಡುಗಿಯರೂ ಹಿಡಿದಿದ್ದಾರೆ.

ದೊಡ್ಡಪ್ಪ: ಕಥೆ ಚೆನ್ನಾಗಿದೆ. ಈಗ ನನ್ನ ಪಾಠದ ಪ್ರಶ್ನೆ. ಪವಾಡ ತೆಗೆದ ಮೇಲೆ ಏನಾದರೂ ಉಳಿಯುತ್ತಾ?

ಮಗಳು: ಉಳಿಯುತ್ತೆ. ಸಾಕಷ್ಟು. 2012ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಪಾರ್ಕಿನ್ಸನ್ ಇರೋ 195 ಜನ, ವಾರಕ್ಕೆ ಎರಡು ಗಂಟೆ, ಆರು ತಿಂಗಳು. ತಾಯ್ ಚಿ ಮಾಡಿದವರ ಸಮತೋಲ ಸುಧಾರಿಸಿತು, ಬರೀ ಮೈ ಎಳೆಯೋ ವ್ಯಾಯಾಮ ಮಾಡಿದವರಿಗಿಂತ ಕಡಿಮೆ ಬಿದ್ದರು. 2016ರಲ್ಲಿ ಮಂಡಿ ಸವೆತದ 204 ಜನರ ಮೇಲೆ ಇನ್ನೊಂದು: ಹನ್ನೆರಡು ವಾರದ ತಾಯ್ ಚಿ, ಫಿಸಿಯೋಥೆರಪಿ, ಎರಡೂ ಹೆಚ್ಚುಕಡಿಮೆ ಸಮ.

ದೊಡ್ಡಪ್ಪ: ನೆಂಟನ ಅಂಕಪಟ್ಟಿ ತೋರಿಸ್ತಿದ್ದೀಯ. ಬಾದುವಾನ್‌ಜಿನ್ ಕೇಳಿದ್ದು ನಾನು.

ಮಗಳು: ಮೇಷ್ಟ್ರು ಬಿಡಲ್ಲ. ನಿಜ, ತಾಯ್ ಚಿ ಮೇಲೆ ದೊಡ್ಡ ಅಧ್ಯಯನಗಳಿವೆ. ಬಾದುವಾನ್‌ಜಿನ್ ಮೇಲಿನವು ಬಹಳಷ್ಟು ಚಿಕ್ಕವು, ಚೀನಾದಲ್ಲೇ ಆದವು. ಆದರೆ ಚಲನೆಯ ತತ್ವ ಒಂದೇ: ನಿಧಾನ, ಮಂಡಿ ಸಡಿಲ, ತೂಕವನ್ನ ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸೋದು. ವಯಸ್ಸಾದವರು ಹೆಚ್ಚಾಗಿ ಬೀಳೋದು ಆ ತೂಕ ಬದಲಿಸೋ ಕ್ಷಣದಲ್ಲೇ. ಈ ಥರದ ಪ್ರಯೋಗದಲ್ಲಿ ಯಾರಿಗೆ ಏನು ಕೊಟ್ಟಿದ್ದೀವಿ ಅಂತ ಮುಚ್ಚಿಡೋಕೂ ಆಗಲ್ಲ. ಮಾತ್ರೆಯಾದರೆ ಸಕ್ಕರೆ ಗುಳಿಗೆ ಕೊಡಬಹುದು. ಸುಳ್ಳು ತಾಯ್ ಚಿ ಹೇಗೆ ಮಾಡಿಸ್ತೀರಿ? ಅಷ್ಟು ಕಳೆದು ನೋಡಿ.

ದೊಡ್ಡಪ್ಪ: ಬಿ.ಪಿ.ಗೆ?

ಮಗಳು: 2024ರಲ್ಲಿ ಬೀಜಿಂಗಿನಿಂದ ಒಂದು ಬಂತು. ಬಿ.ಪಿ. ಗಡಿಯಲ್ಲಿರೋ 342 ಜನ, ಒಂದು ವರ್ಷ. ತಾಯ್ ಚಿ ಗುಂಪಿನಲ್ಲಿ ಮೇಲಿನ ಅಂಕಿ ಸರಾಸರಿ 7 ಇಳೀತು, ಬಿರುಸು ನಡಿಗೆ, ಸೈಕಲ್ ಥರದ ವ್ಯಾಯಾಮದವರಲ್ಲಿ ನಾಲ್ಕೂವರೆ. ಉಸಿರಿನ ಪಾಲೂ ಇದರಲ್ಲಿ ಇರಬಹುದು. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹದಿನೈದರ ಹತ್ತಿರ ಉಸಿರಾಡ್ತೀವಿ. ಆರಕ್ಕೆ ಇಳಿದರೆ ಹೃದಯದ ಬಡಿತ, ರಕ್ತದ ಒತ್ತಡ ಉಸಿರಿನ ಲಯಕ್ಕೆ ಹೊಂದಿಕೊಂಡು, ಒತ್ತಡವನ್ನ ಹತೋಟಿಯಲ್ಲಿಡೋ ಪ್ರತಿಕ್ರಿಯೆ ಚುರುಕಾಗುತ್ತೆ. 2001ರಲ್ಲಿ ಇಟಲಿಯ ವೈದ್ಯರು ಲ್ಯಾಟಿನ್ ಜಪಮಾಲೆ ಪ್ರಾರ್ಥನೆಯನ್ನೂ ಬೌದ್ಧ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಹತ್ತಿರ ಬಂದು ನಿಂತಿತ್ತು.

ದೊಡ್ಡಪ್ಪ: ಅಂದರೆ ಚೀ ಅನ್ನೋದು ಬೇಕಾಗೇ ಇಲ್ಲ.

ಮಗಳು: ಅಂಗೈ ಬೆಚ್ಚಗಾಗೋದು, ಜುಮ್ಮೆನ್ನೋದು ನಿಜ, ನನಗೂ ಆಗಿದೆ. ಮೈ ಸಡಿಲಾದಾಗ ಚರ್ಮದ ರಕ್ತನಾಳ ಅಗಲವಾಗುತ್ತೆ, ಗಮನವೂ ಅಲ್ಲೇ ಇರುತ್ತೆ. ಅಜ್ಜಿ ಅದನ್ನ ಚೀ ಅಂತಾಳೆ. ಅವಳ ಜತೆ ಜಗಳಕ್ಕೆ ಹೋಗಲ್ಲ ನಾನು. ಅದೇ ಚೀಯನ್ನ ಇನ್ನೊಬ್ಬರಿಗೆ ಮಾರ್ತೀನಿ ಅಂತ ಬಂದರೆ ಜಗಳವೇ.

ದೊಡ್ಡಪ್ಪ: ನಾನು ದಿನಾ ಪ್ರಾಣಾಯಾಮ ಮಾಡ್ತೀನಿ. ಇದು ಯಾಕೆ ಬೇಕು?

ಮಗಳು: ಬೇಕೇ ಬೇಕು ಅಂತೇನಿಲ್ಲ. ಆದರೆ ನೀವು ಪದ್ಮಾಸನ ಬಿಟ್ಟು ಕುರ್ಚಿ ಮೇಲೆ ಕೂತು ಮಾಡ್ತೀರಿ, ಮಂಡಿ ಬಗ್ಗಲ್ಲ ಅಂತ. ಕೂತಲ್ಲಿ ಕಾಲಿನ ಬಲ ಬರಲ್ಲ. ಇದು ನಿಂತು ಮಾಡೋದು, ಚಾಪೆ ಬೇಡ, ಬಟ್ಟೆ ಬದಲಿಸಬೇಕಿಲ್ಲ. ಅದೇ ಇದರ ಹೆಚ್ಚುಗಾರಿಕೆ. ನೀವು ಕುಂಭಕ ಮಾಡೋ ಹಾಗೆ ಇಲ್ಲಿ ಉಸಿರು ಬಿಗಿಹಿಡೀಬೇಡಿ, ನಿಮಗೆ ಬಿ.ಪಿ. ಇದೆ. ಐದು, ಆರನೇ ಭಾಗದಲ್ಲಿ ತಲೆ ಸೊಂಟಕ್ಕಿಂತ ಕೆಳಗೆ ಹೋಗುತ್ತೆ. ತಲೆ ಸುತ್ತೋರು, ಕಣ್ಣಿನ ಒತ್ತಡ ಇರೋರು ಅರ್ಧಕ್ಕೇ ನಿಲ್ಲಿಸಬೇಕು. ಮೂಳೆ ಸವೆದವರು ಹಿಮ್ಮಡಿಯನ್ನ ಕುಟ್ಟದೆ ಮೆಲ್ಲಗೆ ಇಳಿಸಬೇಕು.

ದೊಡ್ಡಪ್ಪ: ಮನಸ್ಸಿಗೆ ಏನಾದರೂ ತೊಂದರೆ? ಅತಿಯಾಗಿ ಮಾಡಿದವರಿಗೆ ಹುಚ್ಚು ಹಿಡಿದ ಕಥೆ ಕೇಳಿದ್ದೀನಿ.

ಮಗಳು: ಕಥೆಯಲ್ಲ. ಚೀಗೊಂಗ್ ಜ್ವರದ ಕಾಲದಲ್ಲಿ ದಿನಗಟ್ಟಲೆ ಕೂತು, ಒಳಗೆ ಶಕ್ತಿ ಓಡಿಸ್ತೀವಿ ಅಂತ ಹೊರಟ ಕೆಲವರಿಗೆ ಧ್ವನಿ ಕೇಳಿಸೋಕೆ ಶುರುವಾಯ್ತು, ಆಸ್ಪತ್ರೆ ಸೇರಿದರು. ಅಮೆರಿಕದ ಮನೋವೈದ್ಯರ ಕೈಪಿಡಿಯ 1994ರ ಆವೃತ್ತಿಯಲ್ಲೇ ಅದನ್ನ ಸೇರಿಸಿದ್ದಾರೆ. ಮೊದಲೇ ಮನೋರೋಗ ಇದ್ದವರು ಆ ಕೂತು ಧ್ಯಾನಿಸೋ ದೀರ್ಘ ಅಭ್ಯಾಸಗಳ ಹತ್ತಿರ ಹೋಗಬಾರದು. ಉದ್ಯಾನದಲ್ಲಿ ಬಿಲ್ಲು ಎಳೆದು ಚಹಾ ಕುಡಿದು ಮನೆಗೆ ಹೋಗೋರಿಗೆ ಆ ಭಯ ಇಲ್ಲ.

ದೊಡ್ಡಪ್ಪ: ಹಾಗಾದರೆ ನಾಳೆಯಿಂದ ತೋರಿಸಿಕೊಡು. ಫೀಸೆಷ್ಟು?

ಮಗಳು: ಫೀಸು ಕೇಳಿದವರ ಹತ್ತಿರವೂ, ರೋಗ ಹೋಗುತ್ತೆ ಅಂದವರ ಹತ್ತಿರವೂ ಇದನ್ನ ಕಲೀಬೇಡಿ. ಬಿ.ಪಿ. ಮಾತ್ರೆ ಒಂದು ದಿನವೂ ತಪ್ಪಿಸಬೇಡಿ. ಅಂಕಿ ಇಳಿದರೆ ಡಾಕ್ಟರಿಗೆ ತೋರಿಸಿ, ಕಡಿಮೆ ಮಾಡೋದು ಅವರ ಕೆಲಸ. ಮೊದಲ ವಾರ ಕುರ್ಚಿಯ ಬೆನ್ನನ್ನ ಪಕ್ಕದಲ್ಲೇ ಇಟ್ಟುಕೊಳ್ಳಿ. ಎಂಟೂ ಭಾಗ ಮುಗಿಯೋದಕ್ಕೆ ಹನ್ನೆರಡು ನಿಮಿಷ ಸಾಕು.